ಮಕ್ಕಳು ಮತ್ತು ಬೇಟೆ: ಚಿತ್ರದುರ್ಗ, ದಾವಣಗೆರೆ ಸೀಮೆಯ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಬಂತೆಂದರೆ ನಮ್ಮ ಕಡೆ ಮಕ್ಕಳು ಅಜ್ಜನ ಊರಿಗೆ ಹೋಗುತ್ತಾರೆ. ಅಲ್ಲಿ ಅಟ್ಟದ ಮೇಲೆ ಹಳೇ ಬಲೆ, ಗೋಡೆ ಮೇಲೆ ಜಿಂಕೆ ಕೊಂಬು, ಜಗಲಿ ಮೇಲೆ ಶಿಕಾರಿ ಕಥೆ. ವಾಪಸ್ ಬಂದವರ ಪ್ರಶ್ನೆಗಳಿಗೆ ಅಪ್ಪ ಅಮ್ಮನ ಹತ್ತಿರ ಸರಿಯಾದ ಉತ್ತರ ಇರುವುದಿಲ್ಲ. ಬಿಡುವಿದ್ದ ಭಾನುವಾರಗಳಲ್ಲಿ ನಾವು ಕೆಲವರು ಮಕ್ಕಳನ್ನು ಗುಡ್ಡ, ಕೆರೆ, ಕಾವಲು (ಹುಲ್ಲುಗಾವಲು) ಅಂತ ಸುತ್ತಾಡಿಸುತ್ತೇವೆ. ಆಗ ಪೋಷಕರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಮಕ್ಕಳನ್ನು ಬೇಟೆಗೆ ಕರೆದುಕೊಂಡು ಹೋಗಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಮಗುವಿಗೆ ತೋರಿಸೋಕೆ ಒಂದೇ ಒಂದು ಸಲ ಅಂದರೂ ಅಷ್ಟೇ. ಹದಿನೆಂಟು ತುಂಬದ ಮಗ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ, ಕರೆದುಕೊಂಡು ಹೋದ ಅಪ್ಪ ನ್ಯಾಯಾಲಯದಲ್ಲಿ ಆರೋಪಿ ಆಗುತ್ತಾನೆ. ಬಳಸಿದ ಬೈಕು, ಜೀಪು ಕೂಡ ಸರ್ಕಾರದ ಪಾಲಾಗಬಹುದು. ಮಗುವಿಗೆ ಶಿಸ್ತು ಕಲಿಸೋಕೆ ಅಂತ ಹೊರಟು, ಕಾನೂನು ಮುರಿಯುವುದನ್ನೇ ಮೊದಲ ಪಾಠ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ದೊಡ್ಡ ಪ್ರಾಣಿ ಬಿಡಿ. ಮೊಲ, ಗೌಜಲಕ್ಕಿ, ಬುರ್ಲಿ ಕೂಡ ಹಿಡಿಯಂಗಿಲ್ವಾ?

ಹಿಡಿಯುವ ಹಾಗಿಲ್ಲ. ಬಹಳ ಜನ ಎಡವುವುದು ಇಲ್ಲೇ. ಗುಂಡು ಹೊಡೆದರೆ ಮಾತ್ರ ಬೇಟೆ ಅಂದುಕೊಂಡಿರುತ್ತಾರೆ. ಕಾಯ್ದೆಯಲ್ಲಿ ಬೇಟೆಯ ಅರ್ಥ ತುಂಬಾ ಅಗಲ. ಕೊಲ್ಲುವುದು, ವಿಷ ಇಡುವುದು, ಉರುಲು ಹಾಕುವುದು, ಬಲೆ ಒಡ್ಡುವುದು, ಸೋವಿ (ಗದ್ದಲ ಎಬ್ಬಿಸಿ) ಓಡಿಸುವುದು, ಆಸೆ ತೋರಿಸಿ ಕರೆಯುವುದು, ಜೀವಂತ ಹಿಡಿಯುವುದು, ಇವೆಲ್ಲಕ್ಕೂ ಪ್ರಯತ್ನ ಪಡುವುದು ಎಲ್ಲವೂ ಬೇಟೆಯೇ. ಕಾಡುಹಕ್ಕಿಯ ಗೂಡು ಕೆಡಿಸಿದರೆ, ಮೊಟ್ಟೆ ತೆಗೆದರೆ ಅದೂ ಬೇಟೆ.

2022ರಲ್ಲಿ ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ಪ್ರಾಣಿಗಳಿಗೆ ಎರಡು ಮುಖ್ಯ ಪಟ್ಟಿಗಳಿವೆ. ಕರಡಿ, ಚಿರತೆ, ಕೃಷ್ಣಮೃಗ, ಕೊಂಡುಕುರಿ, ನವಿಲು, ಉಡ, ಚಿಪ್ಪುಹಂದಿ ಮೊದಲನೇ ಪಟ್ಟಿಯಲ್ಲಿವೆ. ಇವುಗಳನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮೊಲ, ಕಾಡುಹಂದಿ, ಗೌಜಲಕ್ಕಿ ಎರಡನೇ ಪಟ್ಟಿಯಲ್ಲಿವೆ. ಅದಕ್ಕೂ ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವನ್ಯಧಾಮದ ಒಳಗೆ ಬೇಟೆಯಾಡಿದರೆ ಪ್ರಾಣಿ ಯಾವುದೇ ಇರಲಿ, ಮೊದಲನೇ ಪಟ್ಟಿಯ ಶಿಕ್ಷೆಯೇ.

ನಮ್ಮ ತಾತ ಲೈಸೆನ್ಸ್ ಇಟ್ಕೊಂಡೇ ಶಿಕಾರಿ ಆಡ್ತಿದ್ರು. ಅವರು ತಪ್ಪು ಮಾಡಿದರು ಅಂತ ಮಗುವಿಗೆ ಹೇಳಬೇಕಾ?

ಬೇಡ, ಹಾಗೆ ಹೇಳಬೇಡಿ. ಒಂದು ಕಾಲಕ್ಕೆ ಪರವಾನಗಿ ಪಡೆದು ಬೇಟೆಯಾಡುವುದಕ್ಕೆ ಅವಕಾಶವಿತ್ತು. 1972ರ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿಗಳಿಗೆ ಅದು ಉಳಿದಿತ್ತು. ಪೂರ್ತಿ ಮುಚ್ಚಿದ್ದು 1991ರ ತಿದ್ದುಪಡಿ. ತಾತನ ಕಾಲದ ಕಾನೂನು ಬೇರೆ, ಕಾಡೂ ಬೇರೆ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳಲ್ಲಿ ಆಗ ಹುಲ್ಲು ಎಷ್ಟಿತ್ತು, ಕೃಷ್ಣಮೃಗ ಎಷ್ಟಿದ್ದವು ಅಂತ ಹಿರಿಯರನ್ನು ಕೇಳಿದರೆ ಕಣ್ಣರಳಿಸಿ ಹೇಳುತ್ತಾರೆ. ಇವತ್ತು ಆ ಕಾವಲಿನ ಬಹಳಷ್ಟು ಭಾಗದ ಸುತ್ತ ಕಾಂಪೌಂಡು ಎದ್ದಿದೆ.

ನಾನು ಪೋಷಕರಿಗೆ ಹೇಳುವುದು ಒಂದೇ. ತಾತನ ಕಥೆಯನ್ನು ಮುಚ್ಚಿಡಬೇಡಿ, ಪೂರ್ತಿ ಹೇಳಿಸಿ. ಗುಂಡು ತಗುಲಿದ ಕ್ಷಣದ ಕಥೆ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮುಂಚಿನದ್ದನ್ನು ಕೇಳಿ. ರಾತ್ರಿ ಎಷ್ಟೊತ್ತು ಅಲ್ಲಾಡದೆ ಕೂತಿದ್ರಿ? ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಹೆಂಗೆ ನೋಡ್ತಿದ್ರಿ? ಗುಂಪಿನಲ್ಲಿ ಯಾರ ಮಾತು ನಡೀತಿತ್ತು? ಗಬ್ಬದ ಪ್ರಾಣಿ ಎದುರಾದರೆ ಏನು ಮಾಡ್ತಿದ್ರಿ? ನೀರು ಕುಡಿಯುವಾಗ ಹೊಡೀತಿದ್ರಾ? ಸಿಕ್ಕಿದ್ದನ್ನು ಹೆಂಗೆ ಹಂಚ್ತಿದ್ರಿ? ನಮ್ಮ ಸುತ್ತಲಿನ ಹಳ್ಳಿಗಳ ಹಿರಿಯರು ಹೇಳುವುದನ್ನು ಕೇಳಿದರೆ, ಪಾಲಿನ ವಿಚಾರದಲ್ಲಿ ಅವರು ತುಂಬಾ ಕಟ್ಟುನಿಟ್ಟು. ಹೊಡೆದವನಿಗೆ ಒಂದು ಭಾಗ, ಸೋವಿದವರಿಗೆಲ್ಲ ಸಮಪಾಲು, ನಾಯಿಗೂ ಪಾಲು, ಬರಲಾಗದೆ ಮನೆಯಲ್ಲಿ ಉಳಿದ ಮುದುಕರಿಗೂ ಪಾಲು. ದುರಾಸೆ ಪಟ್ಟವನನ್ನು ಮುಂದಿನ ಸಲ ಕರೆಯುತ್ತಿರಲಿಲ್ಲ.

ಮಗುವಿಗೆ ದಾಟಿಸಬೇಕಾದ ಆಸ್ತಿ ಇದು. ಸುಮ್ಮನಿರುವುದು, ಹಿರಿಯನ ಮಾತು ಕೇಳುವುದು, ಕೈ ತಡೆಯುವುದು, ಹಂಚಿ ತಿನ್ನುವುದು. ಪ್ರಾಣಿ ಸಾಯದೆಯೂ ಇವನ್ನೆಲ್ಲ ಕಲಿಸಬಹುದು ಅನ್ನುವುದು ನಮ್ಮ ಅನುಭವ. ಮುಂದಿನ ಉತ್ತರಗಳೆಲ್ಲ ಅದರ ಮೇಲೇ ನಿಂತಿವೆ.

ಬೇಟೆ ನಮ್ಮ ಕುಲದ ಗುರುತು. ಅದನ್ನು ಬಿಟ್ಟರೆ ಮಕ್ಕಳಿಗೆ ಏನು ಉಳಿಯುತ್ತೆ?

ಈ ಪ್ರಶ್ನೆ ಕೇಳುವವರ ಬಗ್ಗೆ ನನಗೆ ಗೌರವ ಇದೆ. ಬೇಡ ನಾಯಕರು ಆಳಿದ ನಾಡು ಇದು. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬೀಳುವವರೆಗೂ ಇಲ್ಲಿ ಪಾಳೆಯಗಾರರ ಆಳ್ವಿಕೆ ಇತ್ತು. ಕಾಡು ಬಲ್ಲ, ಗುಡ್ಡ ಬಲ್ಲ ಜನರ ಬಲ ಅದರ ಹಿಂದಿತ್ತು. ಆ ತಿಳಿವಳಿಕೆ ಸಣ್ಣದಲ್ಲ. ಆದರೆ ಅದೇ ಸಮುದಾಯದೊಳಗೆ ಮ್ಯಾಸಬೇಡರನ್ನು ನೋಡಿ. ಚಳ್ಳಕೆರೆ, ಮೊಳಕಾಲ್ಮುರು ಕಡೆ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಇವತ್ತಿಗೂ ಇದ್ದಾರೆ. ಹಟ್ಟಿಯ ದನಕ್ಕೆ ಮೇವಿಲ್ಲದ ಬರದಲ್ಲಿ ಅವರು ಪಡುವ ಪಾಡು ಕಂಡವರಿಗೆ ಪ್ರಾಣಿಯ ಮೇಲಿನ ಗೌರವ ಏನು ಅನ್ನುವುದು ತಿಳಿಯುತ್ತದೆ. ಮಗುವನ್ನು ಒಂದು ದಿನ ಕಿಲಾರಿಯೊಬ್ಬರ ಜೊತೆ ದನದ ಹಿಂದೆ ನಡೆಯಲು ಬಿಡಿ.

ಇನ್ನೊಂದು ಜಾಗವನ್ನೂ ಹೇಳಬೇಕು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದದ್ದು 1892ರಲ್ಲಿ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲಿನ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅನ್ನುವುದು ಅದರ ತಿರುಳು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮದೇ ಜಿಲ್ಲೆಯ ಬಂಡೆಯ ಮೇಲೆ ಹಿರಿಯರ ಮಾತು ಮತ್ತು ಪ್ರಾಣಿಯ ದಯೆ ಎರಡನ್ನೂ ಒಟ್ಟಿಗೆ ಕೆತ್ತಿದ್ದಾರೆ. ಮಕ್ಕಳಿಗೆ ಅಲ್ಲಿ ನಿಲ್ಲಿಸಿ ಹೇಳಿದರೆ ಭಾಷಣವೇ ಬೇಕಾಗುವುದಿಲ್ಲ.

ಬೇಟೆ ಇಲ್ಲದೆ ಶಿಸ್ತು ಹೇಗೆ ಬರುತ್ತೆ? ಬರೀ ಕಾಡು ಸುತ್ತಿದರೆ ಪಿಕ್‌ನಿಕ್ ಆಗಲ್ವಾ?

ಆಗುತ್ತದೆ, ಸುಮ್ಮನೆ ಸುತ್ತಿದರೆ. ಅದಕ್ಕೇ ಕೈಗೊಂದು ಕೆಲಸ ಕೊಡಬೇಕು. ನಾವು ಮೊದಲು ಕಲಿಸುವುದು ಹೆಜ್ಜೆ ಹಿಡಿಯುವುದನ್ನು.

ಹೊಲದ ಬದಿಯ ಬಂಡಿಜಾಡಿನಲ್ಲಿ, ಕೆರೆಯ ಅಂಚಿನಲ್ಲಿ ನುಣ್ಣನೆಯ ದೂಳೋ ಕೆಸರೋ ಇರುವ ಕಡೆ ಸಂಜೆ ಒಂದು ಮಾರು ಜಾಗವನ್ನು ಪೊರಕೆಯಿಂದ ಸಪಾಟು ಮಾಡಿ ಬರುತ್ತೇವೆ. ಬೆಳಗ್ಗೆ ಬಿಸಿಲು ಏರುವ ಮುಂಚೆ ಹೋಗಿ ಓದುವುದು. ಬೆಳಕು ಓರೆಯಾಗಿ ಬೀಳುವಾಗ ಹೆಜ್ಜೆ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಅದೇ ಹೆಜ್ಜೆ ಮಾಯ. ನಾಯಿ, ತೋಳ, ನರಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುತ್ತದೆ. ಚಿರತೆ, ಕಾಡುಬೆಕ್ಕು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತವೆ, ಗುರುತಿರುವುದಿಲ್ಲ. ಮೊಲ ನೆಗೆದಾಗ ಹಿಂಗಾಲು ಮುಂಗಾಲಿಗಿಂತ ಮುಂದೆ ಬೀಳುತ್ತದೆ. ಮೊದಲ ಸಲ ನೋಡಿದ ಮಕ್ಕಳು ಮೊಲ ಹೋದ ದಿಕ್ಕನ್ನು ಉಲ್ಟಾ ಹೇಳುವುದೇ ಹೆಚ್ಚು. ಕರಡಿಯ ಹಿಂಗಾಲು ಮನುಷ್ಯನ ಪಾದದ ಹಾಗೆ ಕಾಣುತ್ತದೆ, ಮುಂದೆ ಉದ್ದನೆಯ ಉಗುರಿನ ಗೀರು. ಕೊಂಡುಕುರಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಆ ಗುಡ್ಡೆ ಕಂಡರೆ ಅದು ಈ ದಾರಿಯಲ್ಲಿ ಓಡಾಡುತ್ತದೆ ಅಂತ ಲೆಕ್ಕ.

ಎರಡನೆಯದು ಕೂರುವುದು. ಒಂದು ಮರದ ಬುಡ ಆರಿಸಿಕೊಂಡು, ಮಾತಿಲ್ಲದೆ, ಫೋನಿಲ್ಲದೆ ಕೂರಬೇಕು. ಮೊದಲ ಸಲ ಕೂತ ಮಗು ಐದು ನಿಮಿಷಕ್ಕೆ ಚಡಪಡಿಸುತ್ತದೆ. ಮನುಷ್ಯ ಬಂದ ಗಾಬರಿಗೆ ಹಕ್ಕಿಗಳು ಸುಮ್ಮನಾಗಿರುತ್ತವೆ. ಸ್ವಲ್ಪ ಹೊತ್ತು ತಡೆದರೆ ಒಂದೊಂದೇ ಮತ್ತೆ ಕೂಗತೊಡಗುತ್ತವೆ. ತಾನು ಅಲ್ಲಾಡದೆ ಇದ್ದುದಕ್ಕೇ ಇವೆಲ್ಲ ಹತ್ತಿರ ಬಂದವು ಅಂತ ಮಗುವಿಗೆ ತಾನಾಗಿ ತಿಳಿಯುತ್ತದೆ. ‘ಗಲಾಟೆ ಮಾಡಬೇಡ’ ಅಂತ ನೂರು ಸಲ ಗದರಿದರೂ ಬಾರದ ಬುದ್ಧಿ ಅದು.

ಮೂರನೆಯದು ನೋಟ್‌ಬುಕ್. ದಿನಾಂಕ, ಜಾಗ, ಗಾಳಿ, ಕಂಡದ್ದು, ಕೇಳಿದ್ದು. ಚಿತ್ರ ಚೆನ್ನಾಗಿ ಬಾರದಿದ್ದರೂ ಬರೆಯಲಿ. ಕಾಣದೆ ಇದ್ದದ್ದನ್ನು ಕಂಡೆ ಅಂತ ಬರೆಯಬಾರದು, ಇದೊಂದೇ ನಿಯಮ. ಈ ನಿಯಮದಲ್ಲಿ ನಾವು ತುಂಬಾ ಖಡಕ್ಕು. ಚಿರತೆ ಹೆಜ್ಜೆ ಕಂಡೆ ಅಂತ ಹುಡುಗನೊಬ್ಬ ಹೇಳಿದರೆ ಎಲ್ಲರೂ ಹೋಗಿ ನೋಡುತ್ತೇವೆ, ಉಗುರಿನ ಗುರುತು ಹುಡುಕುತ್ತೇವೆ. ಊರನಾಯಿಯ ಹೆಜ್ಜೆ ಅಂತಾದರೆ ನಗುವುದಿಲ್ಲ, ಅವನ ಕೈಯಲ್ಲೇ ತಿದ್ದಿಸುತ್ತೇವೆ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

ವಯಸ್ಸಿಗಿಂತ ಮಗುವನ್ನು ನೋಡಿ. ಸಾಮಾನ್ಯವಾಗಿ ಐದಾರು ವರ್ಷಕ್ಕೆ ಹೆಜ್ಜೆ, ಗರಿ, ಗೂಡು ನೋಡುವುದು. ಎಂಟರ ಹೊತ್ತಿಗೆ ಗಾಳ. ಹತ್ತು ಹನ್ನೆರಡಕ್ಕೆ ಬಿಲ್ಲು, ಅದೂ ‘ನಿಲ್ಲು’ ಅಂದ ತಕ್ಷಣ ನಿಲ್ಲುವ ಮಗುವಿಗೆ ಮಾತ್ರ. ತಮ್ಮನಿಗೂ ಕೊಡಿ ಅಂತ ಅಣ್ಣ ಬೇಡಿಕೊಂಡರೂ ತಮ್ಮ ತಯಾರಿಲ್ಲದಿದ್ದರೆ ಕೊಡಬೇಡಿ.

ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಶುರುವಿಗೆ ಊರ ಕೆರೆ, ಗೋಮಾಳ, ಹೊಲದ ಬದು ಸಾಕು. ದುರ್ಗದವರಿಗೆ ಜೋಗಿಮಟ್ಟಿ ಕಾಡು ಮನೆಯಂಗಳದಲ್ಲೇ ಇದೆ. ಅದರ ತಪ್ಪಲಿನ ಆಡುಮಲ್ಲೇಶ್ವರದ ಕಿರು ಮೃಗಾಲಯದಲ್ಲಿ, ದಾವಣಗೆರೆಯವರಾದರೆ ಆನಗೋಡಿನ ಮೃಗಾಲಯದಲ್ಲಿ ಮೊದಲು ಪ್ರಾಣಿಗಳನ್ನು ಹತ್ತಿರದಿಂದ ತೋರಿಸಿ. ಆಮೇಲೆ ಕಾಡಿನಲ್ಲಿ ಅವುಗಳ ಗುರುತು ಹುಡುಕುವುದು ಮಕ್ಕಳಿಗೆ ಸುಲಭ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಾಗಿಯೇ ಘೋಷಿಸಿದ ವನ್ಯಧಾಮ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು. ಒಂಟಿಯಾಗಿ ಓಡಾಡುವ, ನಾಚಿಕೆ ಸ್ವಭಾವದ ಪ್ರಾಣಿ. ಕಾಣುವುದು ಅಪರೂಪ, ಆ ವಿಷಯ ಮಕ್ಕಳಿಗೆ ಹೊರಡುವ ಮೊದಲೇ ಹೇಳಿ.

ವನ್ಯಧಾಮದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಒಳಗೆ ಆಯುಧ ಒಯ್ಯುವಂತಿಲ್ಲ. ಕಾಯ್ದೆಯ ಪ್ರಕಾರ ಬಿಲ್ಲು ಬಾಣ, ಗಾಳ, ಬಲೆ, ಚಾಕು ಎಲ್ಲವೂ ಆಯುಧ. ಹೊರಡುವ ಮುಂಚೆ ಮಗುವಿನ ಬ್ಯಾಗನ್ನು ನೀವೇ ಬಿಚ್ಚಿ ನೋಡಿ.

ಕರಡಿ, ಚಿರತೆ ಎದುರಾದರೆ?

ನಮ್ಮ ಗುಡ್ಡಗಳಲ್ಲಿ ಹೆಚ್ಚು ಎಚ್ಚರ ಬೇಕಿರುವುದು ಕರಡಿಯ ಬಗ್ಗೆ. ಹಗಲಲ್ಲಿ ಬಂಡೆಗಳ ಸಂದಿ, ಗವಿಗಳಲ್ಲಿ ಮಲಗಿರುತ್ತದೆ. ನಸುಕು, ಮುಸ್ಸಂಜೆ, ರಾತ್ರಿ ಮೇಯಲು ಇಳಿಯುತ್ತದೆ. ಅದರ ಕಣ್ಣು ಅಷ್ಟು ಚುರುಕಿಲ್ಲ, ಹತ್ತಿರ ಹೋಗುವವರೆಗೂ ನಿಮ್ಮನ್ನು ಗಮನಿಸದೆ ಗಾಬರಿಯಿಂದ ಮೇಲೆ ಬೀಳುತ್ತದೆ. ಹಾಗಾಗಿ ಬಂಡೆ ಗುಡ್ಡದಲ್ಲಿ ನಡೆಯುವಾಗ ಮಾತಾಡುತ್ತಾ ನಡೆಯಿರಿ, ಸುಮ್ಮನೆ ಕೂರುವ ಅಭ್ಯಾಸವನ್ನು ಬಯಲಲ್ಲಿ, ಕೆರೆ ದಂಡೆಯಲ್ಲಿ ಇಟ್ಟುಕೊಳ್ಳಿ. ಗವಿಯೊಳಗೆ ಇಣುಕಬಾರದು. ಹುತ್ತ ಕೆರೆದ ಹೊಸ ಗುಂಡಿ, ಹಣ್ಣಿನ ಬೀಜ ತುಂಬಿದ ಹಿಕ್ಕೆ ಕಂಡರೆ ಅಲ್ಲಿಂದಲೇ ವಾಪಸ್. ಮರಿ ಜೊತೆಗಿರುವ ಕರಡಿ ಕಂಡರೆ ಫೋಟೊ ಆಸೆ ಬಿಟ್ಟು, ಓಡದೆ, ಬೆನ್ನು ತೋರಿಸದೆ ಹಿಂದಕ್ಕೆ ಸರಿಯಬೇಕು. ಮಗು ಎಂದೂ ಸಾಲಿನ ಮೊದಲಿಗೂ ಕೊನೆಗೂ ಇರಬಾರದು. ಚಿರತೆಗೂ ಇದೇ ಮಾತು: ಓಡಬೇಡಿ, ಸಣ್ಣ ಮಗುವನ್ನು ಎತ್ತಿಕೊಳ್ಳಿ.

ಮೀನು ಹಿಡಿಯೋದು ಕಲಿಸಬಹುದಾ?

ಖಂಡಿತ. ಬೇಟೆಯ ನಿಜವಾದ ಅನುಭವ, ಅಂದರೆ ಕಾಯುವುದು, ಕೊಲ್ಲುವುದು, ಸ್ವಚ್ಛ ಮಾಡುವುದು, ತಿನ್ನುವುದು, ಇವಿಷ್ಟನ್ನೂ ಮಗುವಿಗೆ ಪ್ರಾಮಾಣಿಕವಾಗಿ ಕೊಡಬೇಕೆಂದರೆ ಇಂದು ಗಾಳಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮೊದಲು ಅನುಮತಿ. ಕೆರೆಗಳಲ್ಲಿ ಮೀನಿನ ಹಕ್ಕನ್ನು ಬಹಳ ಕಡೆ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಮರಿ ಬಿಟ್ಟು ದುಡ್ಡು ಹಾಕಿದವರು ಅವರು. ಮಗುವನ್ನೇ ಮುಂದೆ ಬಿಟ್ಟು ಕೇಳಿಸಿ: ‘ಅಣ್ಣಾ, ಒಂದು ಗಾಳ ಹಾಕ್ಲಾ?’ ದಂಡೆಯ ಮೇಲೆ ಕಲಿಯಬೇಕಾದ ಮೊದಲ ಗೌರವ ಇದು. ಚನ್ನಗಿರಿಯ ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರದಂಥ ದೊಡ್ಡ ನೀರಿನಲ್ಲಿ ಮೀನುಗಾರಿಕೆ ಇಲಾಖೆಯವರನ್ನೇ ಕೇಳಿ. (ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷ ಅಲ್ಲಿಗೆ ಹೋದ ಮಕ್ಕಳು ನೀರು ನೋಡಿ ಮೀನು ಮರೆತಿದ್ದರು.)

ಸಾಮಾನು ಸರಳ ಸಾಕು. ಬಿದಿರಿನ ಕೋಲು, ನೈಲಾನ್ ದಾರ, ಸಣ್ಣ ಗಾಳ, ತೇಲು. ಎರೆಹುಳವನ್ನೋ ರಾಗಿ ಹಿಟ್ಟಿನ ಸಣ್ಣ ಉಂಡೆಯನ್ನೋ ಸಿಕ್ಕಿಸಿದರೆ ಆಯಿತು. ಮೊದಲು ಜಿಲೇಬಿ ಮೀನನ್ನೇ ಗುರಿ ಮಾಡಿಸಿ. ಅದು ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ತಂದದ್ದು, ಈಗ ಕೆರೆಕಟ್ಟೆಗಳಲ್ಲೆಲ್ಲ ಹಬ್ಬಿ ಊರ ಮೀನುಗಳ ಜಾಗ ನುಂಗಿದೆ. ನಾಲ್ಕು ಹೆಚ್ಚು ಹಿಡಿದರೂ ಕೆರೆಗೆ ನಷ್ಟವಿಲ್ಲ. ಹೆಣ್ಣು ಜಿಲೇಬಿ ಮೊಟ್ಟೆಯನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಹಿಡಿದ ಮೀನಿನ ಬಾಯಲ್ಲಿ ಮೊಟ್ಟೆ ಕಂಡಾಗ ಮಕ್ಕಳ ಮುಖ ಬದಲಾಗುವುದನ್ನು ನೋಡಿದ್ದೇನೆ. ಆಗ ಏನು ಮಾಡಬೇಕು ಅನ್ನುವುದನ್ನು ಅವರೇ ಮಾತಾಡಿ ತೀರ್ಮಾನಿಸಲಿ. ಕೆಲವರು ಬಿಟ್ಟುಬಿಡು ಅನ್ನುತ್ತಾರೆ, ಕೆಲವರು ಇದು ಹೆಚ್ಚಾದರೆ ಕೊರವ ಮೀನಿಗೆ ಜಾಗ ಎಲ್ಲಿ ಅನ್ನುತ್ತಾರೆ. ಎರಡೂ ಒಳ್ಳೆಯ ವಾದ.

ತಿನ್ನುವಷ್ಟೇ ಇಟ್ಟುಕೊಳ್ಳಿ. ಇಟ್ಟುಕೊಂಡದ್ದನ್ನು ದಂಡೆ ಮೇಲೆ ಒದ್ದಾಡಿ ಸಾಯಲು ಬಿಡಬೇಡಿ. ತಲೆಯ ಮೇಲೆ ಗಟ್ಟಿಯಾಗಿ ಒಂದೇ ಏಟು ಕೊಟ್ಟು ಮುಗಿಸಿ. ನೋಡಲು ಕಷ್ಟ, ಆದರೆ ಅದೇ ಸರಿ. ಆ ಏಟನ್ನು ಮೊದಮೊದಲು ದೊಡ್ಡವರೇ ಹಾಕಲಿ, ಮಗು ಪಕ್ಕದಲ್ಲಿರಲಿ. ಮುಂಗಾರಿನ ಹೊಸ ನೀರು ಬಂದಾಗ ಮೀನು ಮೊಟ್ಟೆ ಇಡಲು ಹಳ್ಳ ಹತ್ತುತ್ತವೆ. ಹತ್ತುಮೀನು ಹಿಡಿಯುವುದು ನಮ್ಮ ಕಡೆ ದೊಡ್ಡ ಸಂಭ್ರಮ, ನನಗೂ ಗೊತ್ತು. ಆದರೂ ಆ ಕೆಲವು ವಾರ ಗಾಳವನ್ನು ಅಟ್ಟಕ್ಕೆ ಹಾಕಿ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ನಿಷಿದ್ಧ. ಕರೆಂಟ್ ತಂತಿ ಬಿಡುವವರ ಹತ್ತಿರವೂ ಮಕ್ಕಳನ್ನು ಸೇರಿಸಬೇಡಿ. ಈಜು ಬಲ್ಲ ದೊಡ್ಡವರೊಬ್ಬರು ಇಲ್ಲದೆ ದಂಡೆಗೆ ಹೋಗುವಂತಿಲ್ಲ.

ಕ್ಯಾಟರ್‌ಬಿಲ್ಲು ಕೊಡಿಸಲಾ?

ಕೊಡಿಸಬಹುದು, ಹಕ್ಕಿಗೆ ಹೊಡೆಯುವುದಕ್ಕಲ್ಲ. ಹಳೇ ಡಬ್ಬ, ತೆಂಗಿನ ಚಿಪ್ಪು ಸಾಲಾಗಿ ಇಡಿ, ಹಿಂದೆ ಮಣ್ಣಿನ ದಿಬ್ಬ ಇರಲಿ. ಅಳಿಲಿಗೋ ಗುಬ್ಬಿಗೋ ಒಂದು ಕಲ್ಲು ಹೋದರೂ ಬಿಲ್ಲು ವಾಪಸ್, ಚರ್ಚೆ ಇಲ್ಲ. ಈ ಷರತ್ತನ್ನು ಕೊಡಿಸುವ ದಿನವೇ ಹೇಳಿ.

ಬಿಲ್ಲುಬಾಣ, ಏರ್‌ಗನ್?

ಗುರಿ ಕಲಿಯುವ ಆಸೆ ಇರುವ ಮಗುವಿಗೆ ಎರಡೂ ಒಳ್ಳೆಯ ಆಟ. ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರರು 70 ಮೀಟರ್ ದೂರದಿಂದ, ಏರ್‌ರೈಫಲ್‌ನವರು 10 ಮೀಟರ್ ದೂರದಿಂದ ಹೊಡೆಯುತ್ತಾರೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಈ 10 ಮೀಟರ್ ಏರ್‌ರೈಫಲ್‌ನಲ್ಲೇ. ಉಸಿರು ಹಿಡಿತಕ್ಕೆ ಬರಬೇಕು, ಸೋತಾಗ ಮುಖ ಗಂಟಿಕ್ಕದೆ ಮುಂದಿನ ಗುರಿಗೆ ನಿಲ್ಲಬೇಕು. ತರಬೇತುದಾರರ ಕಣ್ಣೆದುರೇ ಕಲಿಸಿ. ಏರ್‌ಗನ್ ಆಟಿಕೆ ಅಲ್ಲ, ಹತ್ತಿರದಿಂದ ಕಣ್ಣು ಕಳೆಯಬಲ್ಲದು, ಹಕ್ಕಿಯನ್ನು ಕೊಲ್ಲಬಲ್ಲದು. ಏರ್‌ಗನ್‌ನಿಂದ ಕೊಂದರೂ ಕಾಯ್ದೆಯ ಕಣ್ಣಿಗೆ ಅದು ಬೇಟೆಯೇ.

ಪ್ರಪಂಚದ ಎಲ್ಲ ಕಡೆ ಬಂದೂಕು ಕಲಿಸುವವರು ಮೊದಲು ಹೇಳಿಕೊಡುವ ನಾಲ್ಕು ನಿಯಮಗಳನ್ನು ಬಿಲ್ಲಿಗೂ ಕ್ಯಾಟರ್‌ಬಿಲ್ಲಿಗೂ ಬಾಯಿಪಾಠ ಮಾಡಿಸಿ. ಕೈಲಿರುವುದು ಯಾವಾಗಲೂ ತುಂಬಿದೆ ಅಂದುಕೋ. ಹೊಡೆಯಬಾರದ ಕಡೆಗೆ ಅದರ ಮುಖ ತಿರುಗಿಸಬೇಡ. ಹೊಡೆಯುವ ಕ್ಷಣದವರೆಗೆ ಬೆರಳನ್ನು ಕುದುರೆಯ (ಟ್ರಿಗರ್‌ನ) ಮೇಲೆ ಇಡಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ ಎರಡನ್ನೂ ನೋಡು.

ಬೆಳೆ ಕಾಯೋಕೆ ಮನೆಯಲ್ಲಿ ಲೈಸೆನ್ಸ್ ಕೋವಿ ಇದೆ. ಮಗನಿಗೆ ಮುಟ್ಟಿಸಬಹುದಾ?

ಬೇಡ. ಕೋವಿಯ ಪರವಾನಗಿಗೆ 21 ವರ್ಷ ತುಂಬಿರಬೇಕು. ಕೋವಿ ಒಂದು ಕಡೆ ಬೀಗದಲ್ಲಿ, ಮದ್ದುಗುಂಡು ಇನ್ನೊಂದು ಕಡೆ ಬೀಗದಲ್ಲಿ ಇರಲಿ, ಕೀಲಿ ನಿಮ್ಮ ಸೊಂಟದಲ್ಲಿ. ಗೋಡೆಗೆ ಒರಗಿಸಿಟ್ಟ ಕೋವಿಯನ್ನು ಮಕ್ಕಳು ಆಟಕ್ಕೆ ಎತ್ತಿಕೊಂಡ ಸುದ್ದಿ ಪತ್ರಿಕೆಯಲ್ಲಿ ಆಗಾಗ ಓದುತ್ತಲೇ ಇರುತ್ತೇವೆ.

ಮೆಕ್ಕೆಜೋಳ, ಶೇಂಗಾ ಎಲ್ಲಾ ಹಂದಿ ತಿಂದು ಹಾಕ್ತವೆ. ಆಗಲೂ ಹೊಡೀಬಾರದಾ? ಮಗು ಕೇಳುತ್ತೆ.

ರೈತನ ಸಂಕಟ ದೊಡ್ಡದು, ಅದನ್ನು ಮಗುವಿನಿಂದ ಮುಚ್ಚಿಡಬೇಡಿ. ಬೆಳೆ ಹಾಳುಮಾಡುವ ಪ್ರಾಣಿಯ ವಿಷಯದಲ್ಲಿ ಅಧಿಕಾರ ಪಡೆದ ಅರಣ್ಯಾಧಿಕಾರಿ ಲಿಖಿತ ಅನುಮತಿ ಕೊಡಲು ಕಾಯ್ದೆಯ 11ನೇ ಕಲಂನಲ್ಲಿ ಅವಕಾಶವಿದೆ. ಕಾಗದ ಇಲ್ಲದೆ ತಾನೇ ಕೈಹಾಕುವಂತಿಲ್ಲ. ಬೆಳೆನಷ್ಟಕ್ಕೆ ಇಲಾಖೆಯಲ್ಲಿ ಪರಿಹಾರದ ಅರ್ಜಿಯನ್ನೂ ಹಾಕಬಹುದು. ಅರ್ಜಿ ಬರೆಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇಲಿಗೆ ಕಳ್ಳ ಕರೆಂಟು, ಹಣ್ಣಿನೊಳಗೆ ಸಿಡಿಮದ್ದು ಇವೆರಡನ್ನೂ ಯಾವ ಕಾರಣಕ್ಕೂ ಒಪ್ಪಬಾರದು. ಹಂದಿಗೆ ಇಟ್ಟ ಮದ್ದಿಗೆ ದನದ ದವಡೆ ಹಾರುತ್ತದೆ, ಹಂದಿಗೆ ಎಳೆದ ತಂತಿಗೆ ಮನುಷ್ಯ ಸಾಯುತ್ತಾನೆ.

ನಾಯಿ ತಾನಾಗೇ ಮೊಲ ಹಿಡಿದರೆ?

ನೀವು ಛೂ ಬಿಟ್ಟರೆ ಅದು ಬೇಟೆ. ಕಾವಲಿನಲ್ಲಿ ನಾಯಿಗೆ ಹಗ್ಗ ಇರಲಿ. ಕೂಗಿದ ತಕ್ಷಣ ವಾಪಸ್ ಬರುವ ಹಾಗೆ ನಾಯಿಯನ್ನು ಪಳಗಿಸುವ ಕೆಲಸವನ್ನು ಮಗುವಿಗೇ ವಹಿಸಿ, ಇಬ್ಬರೂ ಕಲಿಯುತ್ತಾರೆ. ಬೇಟೆನಾಯಿಯ ಮೇಲೆ ಕನ್ನಡಿಗರಿಗೆ ಹಳೆಯ ಪ್ರೀತಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಸುಮಾರು 950ರಲ್ಲಿ ಕಲ್ಲು ನೆಟ್ಟರು. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಡೆ ಹೋದಾಗ ತೋರಿಸಿ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರು ನಿಂತಿವೆ.

ಹಬ್ಬಕ್ಕೆ ಊರವರೆಲ್ಲ ಸೇರಿ ಬೇಟೆಗೆ ಹೋಗುವ ಪದ್ಧತಿ ಇದೆ. ಮಗುವನ್ನು ತಡೆಯೋದು ಹೇಗೆ?

ಪದ್ಧತಿಗೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಮೊಲ ಹಿಡಿದು ಪೂಜೆ ಮಾಡಿ ಮತ್ತೆ ಕಾಡಿಗೆ ಬಿಡುವ ಆಚರಣೆಯೂ ಕೆಲವು ಕಡೆ ಇದೆ. ಬಿಡುವ ಮನಸ್ಸು ದೊಡ್ಡದು, ಆದರೆ ಹಿಡಿಯುವುದೂ ಬೇಟೆಯೇ. ಊರಿನ ಹಿರಿಯರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಆ ದಿನ ಅದೇ ಗುಡ್ಡಕ್ಕೆ, ಅದೇ ದಾರಿಯಲ್ಲಿ, ತಮಟೆಯೊಂದಿಗೇ ಹೋಗಿ ದೇವರ ಕಟ್ಟೆಯಲ್ಲಿ ಅಡುಗೆ ಮಾಡಿ ಹಂಚಿ ಉಂಡು ಬರೋಣ ಅಂತ ಕೇಳಿ ನೋಡಿ. ಒಪ್ಪದಿದ್ದರೆ ಮಗುವನ್ನು ಆ ದಿನ ನಿಮ್ಮ ಜೊತೆ ಬೇರೆ ಕಡೆ ಕರೆದೊಯ್ಯಿರಿ, ಕಾರಣವನ್ನು ನೇರವಾಗಿ ಹೇಳಿ.

ಮನೆಯಲ್ಲಿ ಕೋಳಿ ತಿಂತೀವಿ, ಕುರಿ ತಿಂತೀವಿ. ಮೊಲ ಮಾತ್ರ ಯಾಕೆ ಬೇಡ ಅಂತ ಮಗಳು ಕೇಳಿದಳು.

ಮಗಳು ಸರಿಯಾಗೇ ಕೇಳಿದ್ದಾಳೆ. ಸಾಕಿದ್ದನ್ನು ನಾವು ಹುಟ್ಟಿಸಿ, ಮೇಯಿಸಿ, ಬೆಳೆಸುತ್ತೇವೆ. ಒಂದು ಹೋದರೆ ಇನ್ನೊಂದನ್ನು ಸಾಕುತ್ತೇವೆ. ಕಾಡಿನ ಮೊಲವನ್ನು ನಾವು ಸಾಕಿಲ್ಲ, ಹೋದರೆ ತುಂಬಿಕೊಡುವವರು ನಾವಲ್ಲ. ಅದನ್ನು ನಂಬಿ ಬದುಕುವ ನರಿ, ತೋಳ, ಹದ್ದುಗಳಿವೆ. ನಾನು ಕೊಡುವ ಉತ್ತರ ಇದು.

ಆದರೆ ಅಷ್ಟಕ್ಕೇ ನಿಲ್ಲಬೇಡಿ. ಕೋಳಿ ಕೂಡ ಪ್ಲಾಸ್ಟಿಕ್ ಕವರಿನಲ್ಲಿ ಹುಟ್ಟುವುದಿಲ್ಲ ಅಂತ ಮಗುವಿಗೆ ಗೊತ್ತಿರಬೇಕು. ಊರಲ್ಲಿ ನಾಟಿಕೋಳಿ ಕೊಯ್ಯುವಾಗ, ನೋಡಲು ಒಪ್ಪುವ ಮಗುವಿಗೆ ತೋರಿಸಿ, ಒಪ್ಪದ ಮಗುವನ್ನು ಬಲವಂತ ಮಾಡಬೇಡಿ, ಅಳುಬುರುಕ ಅಂತ ಹಂಗಿಸಬೇಡಿ. ಹರಿತವಾದ ಕತ್ತಿ, ಒಂದೇ ಸಲಕ್ಕೆ. ತಟ್ಟೆಯಲ್ಲಿ ತುಂಡು ಬಿಡಬಾರದು. ನೋಡಿದ ಮೇಲೆ ‘ನಾನು ಇನ್ನು ಮಾಂಸ ತಿನ್ನಲ್ಲ’ ಅಂದ ಮಕ್ಕಳಿದ್ದಾರೆ. ಅದೂ ಗೌರವವೇ, ಅದನ್ನು ಒಪ್ಪಿಕೊಳ್ಳಿ.

ಅಮೆರಿಕದಲ್ಲಿರುವ ಅಣ್ಣನ ಮಗ ಜಿಂಕೆ ಬೇಟೆಗೆ ಹೋದ ಫೋಟೊ ಕಳಿಸಿದ್ದಾನೆ. ನಮ್ಮ ಹುಡುಗನಿಗೆ ಏನು ಹೇಳಲಿ?

ಅಲ್ಲಿ ಅದು ಕಾನೂನುಬದ್ಧ, ಆದರೆ ಕಟ್ಟುಪಾಡು ಬಹಳ ಅಂತ ಹೇಳಿ. ಹೆಚ್ಚಿನ ರಾಜ್ಯಗಳಲ್ಲಿ ಹೊಸಬರು ಸುರಕ್ಷತೆಯ ಕೋರ್ಸ್ ಮುಗಿಸಿದರೆ ಮಾತ್ರ ಪರವಾನಗಿ. ಇಂಥ ಋತು, ಇಂತಿಷ್ಟೇ ಪ್ರಾಣಿ ಅಂತ ಮಿತಿ. ಎಳೆಯರ ಜೊತೆ ದೊಡ್ಡವರು ಇರಬೇಕು. ಬೇರೆ ಬೇಟೆಗಾರರಿಗೆ ದೂರದಿಂದಲೇ ಕಾಣಲೆಂದು ಕಿತ್ತಳೆ ಬಣ್ಣದ ಅಂಗಿ. 1937ರಲ್ಲಿ ಬಂದ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆ ಬಂದೂಕು ಮತ್ತು ಮದ್ದುಗುಂಡಿನ ಮೇಲೆ ಶೇ 11ರಷ್ಟು ತೆರಿಗೆ ಹಾಕಿ, ಆ ಹಣವನ್ನು ವನ್ಯಜೀವಿ ಸಂರಕ್ಷಣೆಗೆ ರಾಜ್ಯಗಳಿಗೆ ಹಂಚುತ್ತಾರೆ. ಬಾತುಕೋಳಿ ಬೇಟೆಗೆ 16 ವರ್ಷ ತುಂಬಿದವರು ವರ್ಷ ವರ್ಷ ವಿಶೇಷ ಸ್ಟಾಂಪು ಕೊಳ್ಳಬೇಕು. ಅದು 1934ರಿಂದ ನಡೆದು ಬಂದಿದೆ, ಆ ದುಡ್ಡು ಜೌಗು ನೆಲ ಕಾಪಾಡಲು ಹೋಗುತ್ತದೆ. ಜರ್ಮನಿಯಲ್ಲಿ 16 ತುಂಬಿದವರೂ ಕಠಿಣ ಪರೀಕ್ಷೆ ಪಾಸು ಮಾಡಿದರೆ ಮಾತ್ರ ಕಿರಿಯರ ಪರವಾನಗಿ.

ಅಲ್ಲಿನ ಕಾಡು, ಅಲ್ಲಿನ ಜಿಂಕೆಯ ಸಂಖ್ಯೆ, ಅಲ್ಲಿನ ವ್ಯವಸ್ಥೆ ಬೇರೆ. ಅಣ್ಣನ ಮಗ ಕೆಟ್ಟವನೂ ಅಲ್ಲ, ನಮ್ಮ ಹುಡುಗ ಹಿಂದುಳಿದವನೂ ಅಲ್ಲ. ಇಬ್ಬರನ್ನೂ ವಿಡಿಯೊ ಕಾಲ್‌ನಲ್ಲಿ ಕೂರಿಸಿ, ಯಾರು ಎಷ್ಟು ಹೆಜ್ಜೆ ಗುರುತಿಸುತ್ತಾರೆ ಅಂತ ಕೇಳಿ.

ಹೆಣ್ಣುಮಕ್ಕಳನ್ನೂ ಕಳಿಸಬಹುದಾ?

ಕಳಿಸಿ. ಕೂತು ಕಾಯುವುದರಲ್ಲಿ ನಮ್ಮ ಗುಂಪಿನ ಹುಡುಗಿಯರೇ ಮುಂದು.

ಗೂಡಿನಿಂದ ಬಿದ್ದ ಗಿಳಿಮರಿ ತಂದು ಸಾಕುತ್ತೀನಿ ಅಂತಾನೆ ಮಗ.

ಗಿಳಿಯನ್ನು ಪಂಜರದಲ್ಲಿ ಸಾಕುವುದು ಅಪರಾಧ. ಮರಿಗೆ ಗರಿ ಬಂದಿದ್ದು ಆರೋಗ್ಯವಾಗಿದ್ದರೆ ನೆಲದಿಂದ ಎತ್ತಿ ಹತ್ತಿರದ ಕೊಂಬೆಗೆ ಬಿಟ್ಟು ದೂರ ನಿಲ್ಲಿ, ತಾಯಿ ಬರುತ್ತದೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಅನ್ನುವ ಮಾತು ನಿಜವಲ್ಲ. ಗಾಯವಾಗಿದ್ದರೆ ರಟ್ಟಿನ ಡಬ್ಬದಲ್ಲಿ ನೆರಳಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಸುರಿಯಬೇಡಿ.

ಯಾರೋ ಉರುಲು ಹಾಕಿದ್ದನ್ನು, ಬೇಟೆ ಆಡಿದ್ದನ್ನು ಮಗು ನೋಡಿದರೆ?

ಮಗು ಅವರ ಎದುರು ಹೋಗಬಾರದು, ಉರುಲನ್ನು ಮುಟ್ಟಬಾರದು. ಜಾಗ ಗುರುತಿಟ್ಟುಕೊಂಡು ಮನೆಗೆ ಬಂದು ಹೇಳಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿದ್ದರೆ 112. ಕರೆ ನೀವು ಮಾಡಿ, ನೋಡಿದ್ದನ್ನು ಮಗು ಹೇಳಲಿ. ಮಗುವಿನ ಹೆಸರು ಊರಲ್ಲಿ ಹಬ್ಬದಂತೆ ನೋಡಿಕೊಳ್ಳಿ. ಉರುಲು ಹಾಕಿದವರು ನಮ್ಮ ನೆಂಟರೇ ಆಗಿದ್ದರೆ ಏನು ಮಾಡೋದು ಅಂತ ಹುಡುಗಿಯೊಬ್ಬಳು ಕೇಳಿದ್ದಳು. ಮೊದಲು ಅಮ್ಮನಿಗೆ ಹೇಳು, ಅಮ್ಮ ಅವರ ಜೊತೆ ಮಾತಾಡಲಿ, ಉರುಲು ಅದೇ ದಿನ ಮೇಲೇಳಲಿ, ಏಳದಿದ್ದರೆ ಫೋನ್ ಮಾಡೋಣ ಅಂದೆ. ಆಕೆ ಹಾಗೇ ಮಾಡಿದಳು, ಫೋನ್ ಮಾಡುವ ಅಗತ್ಯ ಬೀಳಲಿಲ್ಲ.